ನಾಲ್ಕು ಗಂಟೆಗೊಮ್ಮೆ ನಾಡಿ

ಡಬ್ಲಿನ್ ವಿಮಾನ ನಿಲ್ದಾಣದಿಂದ ಉತ್ತರಕ್ಕೆ ಹೊರಟರೆ ಮೊದಲು ಸಿಗುವ ದೊಡ್ಡ ಊರು ಸ್ವೋರ್ಡ್ಸ್. ಮಧ್ಯಯುಗದ ಒಂದು ಕೋಟೆ, ಹಳೆಯ ಮಠದ ದುಂಡನೆಯ ಗೋಪುರ, ಪೆವಿಲಿಯನ್ಸ್ ಎಂಬ ಮಾಲ್, ಮಿಕ್ಕಂತೆ ಸಾಲುಮನೆಗಳ ಬಡಾವಣೆಗಳು. ವಿಮಾನ ನಿಲ್ದಾಣದ ನೌಕರರು, ಡಬ್ಲಿನ್ನಿನ ಆಸ್ಪತ್ರೆಗಳಿಗೆ ಪಾಳಿಯ ಮೇಲೆ ಹೋಗಿಬರುವ ನರ್ಸ್‌ಗಳು, ಐಟಿ ಕಂಪನಿಗಳಲ್ಲಿ ದುಡಿಯುವವರು ಇಲ್ಲಿ ಮನೆ ಮಾಡಿಕೊಂಡಿದ್ದಾರೆ. ಭಾರತದಿಂದ ಹೋದವರೂ ಸಾಕಷ್ಟಿದ್ದಾರೆ. ಮಗಳ ಬಾಣಂತನಕ್ಕೋ ಮೊಮ್ಮಗುವಿನ ಹುಟ್ಟುಹಬ್ಬಕ್ಕೋ ಊರಿನಿಂದ ಬಂದ ಅಪ್ಪ ಅಮ್ಮ ಎರಡು ಮೂರು ತಿಂಗಳಿದ್ದು ವಾಪಸಾಗುವುದು ಪಕ್ಕದ ಈ ವಿಮಾನ ನಿಲ್ದಾಣದಿಂದಲೇ.

ಇಂಥ ಊರಿನಲ್ಲಿ ನಮ್ಮವರೊಬ್ಬರು ಇದ್ದಕ್ಕಿದ್ದಂತೆ ತೀರಿಕೊಂಡರೆ ಏನಾಗುತ್ತದೆ? ಸಾವಿನ ಕಾರಣ ಬರೆದುಕೊಡಬಲ್ಲ ವೈದ್ಯರು ಯಾರೂ ಇಲ್ಲದಿದ್ದರೆ ವಿಷಯ ಕಾರೊನರ್ ಎಂಬ ಅಧಿಕಾರಿಗೆ ಹೋಗುತ್ತದೆ. ಐರ್ಲೆಂಡಿನ ಪೊಲೀಸರಾದ ಗಾರ್ಡಾ ಬಂದು ಮನೆಯವರ ಹೇಳಿಕೆ ಪಡೆಯುತ್ತಾರೆ, ದೇಹದ ಗುರುತು ಹಿಡಿಸುತ್ತಾರೆ. ಮರಣೋತ್ತರ ಪರೀಕ್ಷೆ ಒಂದೆರಡು ದಿನದಲ್ಲಿ ಮುಗಿದು ದೇಹ ಕುಟುಂಬದ ಕೈಸೇರುತ್ತದೆ. ಅಂಗಾಂಶದ ತುಣುಕುಗಳು ಸೂಕ್ಷ್ಮದರ್ಶಕದಡಿಗೆ, ರಕ್ತ ವಿಷಪರೀಕ್ಷೆಗೆ ಹೋಗುತ್ತವೆ. ಅವುಗಳ ವರದಿಗೆ ವಾರಗಳು, ಕೆಲವೊಮ್ಮೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ರಾಯಭಾರ ಕಚೇರಿಯ ಕಾಗದಪತ್ರ ಮುಗಿದು, ಶವಪೆಟ್ಟಿಗೆ ದುಬೈಯೋ ದೋಹಾವೋ ದಾಟಿ ಬೆಂಗಳೂರು ಮುಟ್ಟಿರುತ್ತದೆ. ದೇಹ ಊರಿಗೆ ಬರುತ್ತದೆ, ಕಾರಣ ಅಲ್ಲೇ ಉಳಿಯುತ್ತದೆ.

ನಮ್ಮಲ್ಲಿ ಇಂಥ ಸಾವಿಗೆ ಪೊಲೀಸರು ಯುಡಿಆರ್ (ಅಸಹಜ ಸಾವಿನ ವರದಿ) ದಾಖಲಿಸುತ್ತಾರೆ, ಪಂಚನಾಮೆ ಮಾಡುತ್ತಾರೆ, ಅಪರಾಧ ಕಾಣದಿದ್ದರೆ ಕಡತ ಮುಚ್ಚುತ್ತಾರೆ. ಬ್ರಿಟಿಷರ ಕಾಲದಿಂದ ಮುಂಬೈ, ಕೋಲ್ಕತಾದಲ್ಲಿ ಕಾರೊನರ್ ಇದ್ದರು, ಈಗಿಲ್ಲ. ಐರ್ಲೆಂಡಿನ ಕಾರೊನರ್ ಇವತ್ತಿಗೂ ಬಹಿರಂಗವಾಗಿ ವಿಚಾರಣೆ ನಡೆಸುತ್ತಾರೆ. ಸತ್ತವರು ಯಾರು, ಎಲ್ಲಿ, ಯಾವಾಗ, ಹೇಗೆ ಎಂಬ ನಾಲ್ಕು ಪ್ರಶ್ನೆಗಳಿಗಷ್ಟೇ ಅಲ್ಲಿ ಉತ್ತರ. ತಪ್ಪು ಯಾರದು ಎಂದು ಹೇಳುವ ಅಧಿಕಾರ ಅವರಿಗೂ ಇಲ್ಲ. ಆದರೆ ವೈದ್ಯರು, ನರ್ಸ್‌ಗಳು ಪ್ರಮಾಣ ಮಾಡಿ ಹೇಳುವ ಮಾತನ್ನು ಸತ್ತವರ ಮನೆಯವರು ಎದುರು ಕುಳಿತು ಕೇಳಬಹುದು, ವಕೀಲರ ಮೂಲಕ ಪ್ರಶ್ನೆಯನ್ನೂ ಹಾಕಬಹುದು. ಆ ‘ಹೇಗೆ’ ಎಂಬ ಪುಟ್ಟ ಪ್ರಶ್ನೆಯೊಳಗೆ ಎಷ್ಟು ವಿಜ್ಞಾನ ಅಡಗಿದೆ ಎಂಬುದನ್ನು ತಿಳಿಯಲು ಐರ್ಲೆಂಡಿನ ಪಶ್ಚಿಮ ಕರಾವಳಿಯ ಗಾಲ್ವೇಗೆ ಹೋಗಬೇಕು. ಅಲ್ಲಿ 2012ರ ಅಕ್ಟೋಬರ್ 28ರ ನಡುರಾತ್ರಿ, 1 ಗಂಟೆ 9 ನಿಮಿಷಕ್ಕೆ, ಬೆಳಗಾವಿಯ ಮಗಳೊಬ್ಬಳು ತೀರಿಕೊಂಡಳು.

ಸವಿತಾ ಹಾಲಪ್ಪನವರ ಅವರಿಗೆ ಆಗ 31 ವರ್ಷ. ದಂತವೈದ್ಯೆ. ಗಂಡ ಪ್ರವೀಣ್ ಗಾಲ್ವೇಯ ಬಾಸ್ಟನ್ ಸೈಂಟಿಫಿಕ್ ಕಂಪನಿಯಲ್ಲಿ ಎಂಜಿನಿಯರ್. ಮೊದಲ ಬಸಿರು, 17 ವಾರ. ಮಗಳ ಸಂಭ್ರಮ ನೋಡಲು ಬೆಳಗಾವಿಯಿಂದ ತಂದೆ ಅಂದಾನಪ್ಪ ಯಾಳಗಿ ಮತ್ತು ತಾಯಿ ಬಂದಿದ್ದರು. ಅಕ್ಟೋಬರ್ 21, ಭಾನುವಾರ ಸವಿತಾಗೆ ಬೆನ್ನು ನೋವು ಶುರುವಾಯಿತು. ಗಾಲ್ವೇಯ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ನೋಡಿ ಮನೆಗೆ ಕಳಿಸಿದರು. ನೋವು ಹೆಚ್ಚಾಗಿ ಅದೇ ದಿನ ಮತ್ತೆ ಹೋದಾಗ ಗರ್ಭಪಾತ ತಪ್ಪಿಸಲಾಗದು ಎಂಬುದು ವೈದ್ಯರಿಗೆ ಗೊತ್ತಾಯಿತು. ಸೋಮವಾರ ನಸುಕಿನ ಹನ್ನೆರಡೂವರೆಗೆ ನೆತ್ತಿನೀರಿನ ಚೀಲ ಒಡೆಯಿತು. ಊರಿಗೆ ಹೊರಡಲು ಮೊದಲೇ ಟಿಕೆಟ್ ಆಗಿದ್ದ ತಂದೆ ತಾಯಿ ಮಂಗಳವಾರ ವಿಮಾನ ಹತ್ತಿದರು. ಆಸ್ಪತ್ರೆಯಲ್ಲಿದ್ದಾಳೆ, ನೋಡಿಕೊಳ್ಳುವವರಿದ್ದಾರೆ ಎಂಬುದೇ ಧೈರ್ಯ. ಅವರನ್ನು ಡಬ್ಲಿನ್ನಿಗೆ ಮುಟ್ಟಿಸಿ ಪ್ರವೀಣ್ ಗಾಲ್ವೇಗೆ ಮರಳಿದರು.

ಮಗುವಿನ ಸುತ್ತ ಇರುವ ನೀರಿನ ಚೀಲ ಒಂದು ಗೋಡೆಯೂ ಹೌದು. ಯೋನಿಮಾರ್ಗದಲ್ಲಿ, ಕರುಳಿನ ತುದಿಯಲ್ಲಿ ಬ್ಯಾಕ್ಟೀರಿಯಾಗಳು ಸದಾ ಇರುತ್ತವೆ, ನಮಗೇನೂ ಮಾಡುವುದಿಲ್ಲ. ಗರ್ಭಕೋಶದ ಬಾಯಿ ಮುಚ್ಚಿ, ಚೀಲ ಇಡಿಯಾಗಿ ಇರುವವರೆಗೆ ಅವು ಕೆಳಗೇ ಉಳಿಯುತ್ತವೆ. ಬಾಯಿ ತೆರೆದು ಚೀಲ ಒಡೆದ ಮೇಲೆ ಮೇಲೇರಲು ದಾರಿ ಸಿಕ್ಕಂತೆ. ಬೆಚ್ಚಗಿನ ಜಾಗ, ರಕ್ತ ತುಂಬಿದ ಮಾಸು, ಸಾಯುತ್ತಿರುವ ಅಂಗಾಂಶ. ಬ್ಯಾಕ್ಟೀರಿಯಾ ಬೆಳೆಯಲು ಇದಕ್ಕಿಂತ ಪ್ರಶಸ್ತ ಜಾಗ ಇನ್ನೊಂದಿಲ್ಲ. ಅದಕ್ಕೇ ಚೀಲ ಒಡೆದ ಗರ್ಭಿಣಿಯ ನಾಡಿ, ಜ್ವರ, ಉಸಿರು, ರಕ್ತದೊತ್ತಡಗಳನ್ನು ನಾಲ್ಕು ಗಂಟೆಗೊಮ್ಮೆ ನೋಡಿ ಬರೆಯಬೇಕು ಎಂಬ ನಿಯಮ ಆ ಆಸ್ಪತ್ರೆಯಲ್ಲೂ ಇತ್ತು, ಪಾಲನೆ ಮಾತ್ರ ತಪ್ಪಿತು.

ಸವಿತಾ ದಾಖಲಾದ ದಿನವೇ ತೆಗೆದ ರಕ್ತದಲ್ಲಿ ಬಿಳಿರಕ್ತಕಣಗಳ ಎಣಿಕೆ 16.9 ಇತ್ತು, ಅಂದರೆ ಪ್ರತಿ ಲೀಟರಿಗೆ 16.9 ಶತಕೋಟಿ. ಬಸಿರಿಲ್ಲದವರಲ್ಲಿ ಅದು 11 ದಾಟಿದರೆ ಸೋಂಕಿನ ಗುಮಾನಿ. ಬಸುರಿಯಲ್ಲಿ ಮಾತ್ರ ಈ ಲೆಕ್ಕ ಕೈಕೊಡುತ್ತದೆ, ಏಕೆಂದರೆ ಬಸಿರಿನಲ್ಲಿ ಬಿಳಿಕಣ ತಾನಾಗಿಯೇ ಹೆಚ್ಚುತ್ತದೆ. ನಾಡಿ ನಿಮಿಷಕ್ಕೆ ಹತ್ತಿಪ್ಪತ್ತು ಬಡಿತ ಏರುತ್ತದೆ, ರಕ್ತದೊತ್ತಡ ತುಸು ಇಳಿಯುತ್ತದೆ. ಇವೆಲ್ಲ ಸೆಪ್ಸಿಸ್ ಅಂದರೆ ನಂಜಿನ ಲಕ್ಷಣಗಳೂ ಹೌದು. ಆರೋಗ್ಯವಂತ ಬಸುರಿಯ ದೇಹ ನಂಜು ಏರುತ್ತಿರುವವರ ದೇಹವನ್ನು ಅರ್ಧಕ್ಕರ್ಧ ಹೋಲುತ್ತದೆ. ಹಾಗಾಗಿ ಒಂದೇ ಒಂದು ಅಂಕಿ ನೋಡಿ ಏನನ್ನೂ ಹೇಳಲಾಗದು, ನಿನ್ನೆ ಎಷ್ಟಿತ್ತು ಇವತ್ತು ಎಷ್ಟಿದೆ ಎಂಬುದೇ ಮುಖ್ಯ. ಅಂಕಿಗಳನ್ನು ಸಾಲಾಗಿ ಬರೆದವರಿಗೆ ಮಾತ್ರ ಆ ಏರಿಳಿತ ಕಾಣುತ್ತದೆ. ಸವಿತಾ ಅವರ ಆ 16.9ರ ವರದಿಯನ್ನು ಬುಧವಾರದವರೆಗೆ ಯಾರೂ ಗಮನಕ್ಕೆ ತೆಗೆದುಕೊಳ್ಳಲಿಲ್ಲ.

ಮಂಗಳವಾರ ಸಂಜೆ ನಾಡಿ 114. ರಾತ್ರಿ ಕಳೆದು ಬುಧವಾರ ನಸುಕಿನ 4 ಗಂಟೆ 15 ನಿಮಿಷ. ಸವಿತಾ ಚಳಿಯಿಂದ ಗಡಗಡ ನಡುಗುತ್ತಿದ್ದರು, ಹಲ್ಲು ಕಟಕಟ ಎನ್ನುತ್ತಿತ್ತು. ಜ್ವರ ನೋಡಿದರು, 37.7. ಕಂಬಳಿ ಹೊದಿಸಿ ಪ್ಯಾರಾಸಿಟಮಾಲ್ ಕೊಟ್ಟರು. ಅಕ್ಟೋಬರಿನ ಗಾಲ್ವೇಯಲ್ಲಿ ಚಳಿ ಎಂದವರಿಗೆ ಕಂಬಳಿ ಕೊಡುವುದು ಸಹಜ.

ಈ ನಡುಕವನ್ನು ಸ್ವಲ್ಪ ನಿಂತು ನೋಡಬೇಕು. ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್ ದೇಹದ ಬಿಸಿಯನ್ನು 37 ಡಿಗ್ರಿಯ ಆಸುಪಾಸಿನಲ್ಲಿ ಹಿಡಿದಿಡುತ್ತದೆ. ರಕ್ತದಲ್ಲಿ ಬ್ಯಾಕ್ಟೀರಿಯಾದ ಚೂರುಗಳು ಕಂಡೊಡನೆ ಬಿಳಿಕಣಗಳು ಸೈಟೊಕೈನ್ ಎಂಬ ರಾಸಾಯನಿಕ ಸಂಕೇತಗಳನ್ನು ಹೊರಬಿಡುತ್ತವೆ. ಅವು ಮೆದುಳಿಗೆ ಮುಟ್ಟಿ, ‘37 ಸಾಲದು, 39ಕ್ಕೆ ಏರಿಸು’ ಎಂದು ಗುರಿಯನ್ನೇ ಬದಲಿಸುತ್ತವೆ. ದೇಹ ಇನ್ನೂ 37ರಲ್ಲೇ ಇದೆ, ಗುರಿ 39ಕ್ಕೆ ಹೋಗಿದೆ. ಆ ಅಂತರ ನಮಗೆ ಕಡುಚಳಿಯಾಗಿ ತೋರುತ್ತದೆ. ಚರ್ಮದ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ, ಸ್ನಾಯುಗಳು ಅದುರಿ ಅದುರಿ ಬಿಸಿ ಹುಟ್ಟಿಸುತ್ತವೆ. ಥರ್ಮಾಮೀಟರಿನಲ್ಲಿ ಜ್ವರ ಕಾಣುವುದು ಆಮೇಲೆ. ಜೋರಾದ ಇಂಥ ನಡುಕ ಬಂದ ಹೊತ್ತಿನಲ್ಲಿ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗಿರುವ ಸಾಧ್ಯತೆ ಹೆಚ್ಚು. ಎರಡೂಕಾಲು ಗಂಟೆಯ ನಂತರ, ಆರೂವರೆಗೆ, ಸವಿತಾ ಅವರ ಜ್ವರ 39.6, ನಾಡಿ 160, ರಕ್ತದೊತ್ತಡ 94ಕ್ಕೆ 55. ಯೋನಿಸ್ರಾವಕ್ಕೆ ದುರ್ವಾಸನೆ ಬಂದಿತ್ತು. ಆ ದುರ್ವಾಸನೆಯ ಸಂಗತಿ ಬೆಳಗಿನ ಸುತ್ತಿಗೆ ಬಂದ ಹಿರಿಯ ವೈದ್ಯರ ಕಿವಿಗೆ ಬೀಳಲಿಲ್ಲ.

ನಂಜು ಅಂದರೆ ಬ್ಯಾಕ್ಟೀರಿಯಾ ಮಾಡುವ ಹಾನಿ ಎಂದೇ ನಾವು ತಿಳಿದಿರುತ್ತೇವೆ. ಅರ್ಧ ಸತ್ಯ. 2016ರಲ್ಲಿ ತಜ್ಞರು ಒಪ್ಪಿದ ವ್ಯಾಖ್ಯೆಯ ಪ್ರಕಾರ ಸೆಪ್ಸಿಸ್ ಅಂದರೆ ಸೋಂಕಿಗೆ ದೇಹ ಕೊಡುವ ಪ್ರತಿಕ್ರಿಯೆಯೇ ಹತೋಟಿ ತಪ್ಪಿ ಅಂಗಾಂಗಗಳನ್ನು ಕೆಡಿಸುವುದು. ಸವಿತಾ ಅವರ ರಕ್ತದಲ್ಲಿ ಸಿಕ್ಕಿದ್ದು ಇ. ಕೋಲೈ, ಜರ್ಮನ್ ವೈದ್ಯ ಥಿಯೊಡೋರ್ ಎಶೆರಿಕ್ 1885ರಲ್ಲಿ ಮಕ್ಕಳ ಮಲದಲ್ಲಿ ಗುರುತಿಸಿದ ಬ್ಯಾಕ್ಟೀರಿಯಾ. ಅದರ ಹೊರಪದರದಲ್ಲಿ ಎಂಡೊಟಾಕ್ಸಿನ್ ಎಂಬ ಕೊಬ್ಬಿನ ಅಣು ಇದೆ. ನಮ್ಮ ಬಿಳಿಕಣಗಳಿಗೆ ಅದರ ಸುಳಿವು ಸಿಕ್ಕರೆ ಸಾಕು, ಪ್ರಳಯದ ಮುನ್ಸೂಚನೆ ಬಂದಂತೆ ವರ್ತಿಸುತ್ತವೆ. ಒಂದು ಕಡೆ ಸೋಂಕಾದರೆ ಅಲ್ಲಷ್ಟೇ ರಕ್ತನಾಳ ಹಿಗ್ಗಿ, ಸೋರಿ, ಊದಿಕೊಂಡು ವಾಸಿಯಾಗುತ್ತದೆ. ಅದೇ ಕೆಲಸ ಮೈತುಂಬ ಒಮ್ಮೆಗೇ ಶುರುವಾದರೆ? ನಾಳಗಳೆಲ್ಲ ಸಡಿಲಾಗಿ ಒತ್ತಡ ಕುಸಿಯುತ್ತದೆ. ನೀರು ಅಂಗಾಂಶಕ್ಕೆ ಸೋರಿ ಶ್ವಾಸಕೋಶ ಒದ್ದೆಯಾಗುತ್ತದೆ. ಸಣ್ಣ ನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿಸುವ ಸರಕು ತೀರಿ ಬೇರೆಡೆ ರಕ್ತ ನಿಲ್ಲದಂತಾಗುತ್ತದೆ. ಆಮ್ಲಜನಕ ಸಿಗದ ಜೀವಕೋಶಗಳು ಲ್ಯಾಕ್ಟೇಟ್ ಬಿಡುತ್ತವೆ. ರಕ್ತದಲ್ಲಿ ಲ್ಯಾಕ್ಟೇಟ್ ಎಷ್ಟಿದೆ ಎಂದು ಅಳೆದರೆ ಒಳಗೆ ಎಷ್ಟು ಕೆಟ್ಟಿದೆ ಎಂಬ ಅಂದಾಜು ಸಿಗುತ್ತದೆ. ಬುಧವಾರ ಬೆಳಿಗ್ಗೆ ಈ ಪರೀಕ್ಷೆಗೆಂದು ರಕ್ತ ತೆಗೆದಿದ್ದರು. ಸರಿಯಾದ ಬಾಟಲಿಯಲ್ಲಿ ಕಳಿಸಿರಲಿಲ್ಲವಾದ್ದರಿಂದ ಪ್ರಯೋಗಾಲಯದಲ್ಲಿ ಅದರ ಪರೀಕ್ಷೆ ಆಗಲಿಲ್ಲ.

ಔಷಧ ಕೊಡಲಿಲ್ಲವೇ? ಕೊಟ್ಟರು. ಚೀಲ ಒಡೆದ ಮೇಲೆ ಸೋಮವಾರ ರಾತ್ರಿಯಿಂದ ಎರಿತ್ರೋಮೈಸಿನ್ ಮಾತ್ರೆ ಶುರುವಾಗಿತ್ತು. ಇ. ಕೋಲೈ ಅದಕ್ಕೆ ಜಗ್ಗುವಂಥದ್ದಲ್ಲ. ಬುಧವಾರ ಬೆಳಿಗ್ಗೆ ರಕ್ತನಾಳಕ್ಕೇ ಆ್ಯಂಟಿಬಯಾಟಿಕ್ ಏರಿಸಿದರು. ಆದರೆ ಈ ಇ. ಕೋಲೈ ಇಎಸ್‌ಬಿಎಲ್ ಜಾತಿಯದು. ಪೆನಿಸಿಲಿನ್ ಮತ್ತು ಅದರ ಬಳಗದ ಅಣುಗಳಲ್ಲಿ ಬೀಟಾಲ್ಯಾಕ್ಟಮ್ ಎಂಬ ಚೌಕಾಕಾರದ ಉಂಗುರವಿದೆ, ಬ್ಯಾಕ್ಟೀರಿಯಾದ ಗೋಡೆ ಕಟ್ಟುವ ಕೆಲಸವನ್ನು ಕೆಡಿಸುವುದು ಅದೇ. ಇಎಸ್‌ಬಿಎಲ್ ಬ್ಯಾಕ್ಟೀರಿಯಾ ಆ ಉಂಗುರವನ್ನೇ ಕತ್ತರಿಸುವ ಕಿಣ್ವ ತಯಾರಿಸುತ್ತದೆ. ಮೆರೊಪೆನೆಮ್‌ನಂಥ ಕೊನೆಯ ಸಾಲಿನ ಔಷಧಗಳೇ ಅದಕ್ಕೆ ಬೇಕು. ಬಂದಿರುವುದು ಈ ಜಾತಿಯದೇ ಎಂದು ಗೊತ್ತಾಗುವುದು ರಕ್ತವನ್ನು ಕಲ್ಚರ್ ಬಾಟಲಿಯಲ್ಲಿಟ್ಟು ಬೆಳೆಸಿದ ಮೇಲೆ, ಒಂದೆರಡು ದಿನ ಬಿಟ್ಟು. ನಂಜು ಅಷ್ಟು ಕಾಯುವುದಿಲ್ಲ. ಕೆನಡಾದ ಆನಂದ್ ಕುಮಾರ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ನಂಜಿನಿಂದ ರಕ್ತದೊತ್ತಡ ಕುಸಿದ ಮೊದಲ ಆರು ಗಂಟೆಗಳಲ್ಲಿ ಸರಿಯಾದ ಔಷಧ ಒಂದೊಂದು ಗಂಟೆ ತಡವಾದಂತೆ ಬದುಕುವ ಸಾಧ್ಯತೆ ಸರಾಸರಿ ಶೇ. 7.6ರಷ್ಟು ಕಡಿಮೆಯಾಗುತ್ತದೆ. ಹಿಂದಿನ ದಾಖಲೆಗಳನ್ನು ನೋಡಿ ಮಾಡಿದ ಅಧ್ಯಯನವದು, ಕರಾರುವಾಕ್ಕಾದ ನಿಯಮವಲ್ಲ. ಆದರೂ ಗಂಟೆಯ ಲೆಕ್ಕದಲ್ಲಿ ಯೋಚಿಸಬೇಕು ಎಂಬುದನ್ನು ಜಗತ್ತಿಗೆ ಮನಗಾಣಿಸಿದ ಅಂಕಿ ಅದು.

ಬುಧವಾರ ಮಧ್ಯಾಹ್ನ ಮಗು ತಾನಾಗಿಯೇ ಹೊರಬಂತು, ಜೀವವಿರಲಿಲ್ಲ. ಹೆಣ್ಣುಮಗು. ಅಲ್ಲಿಂದ ತೀವ್ರ ನಿಗಾ ಘಟಕ, ವೆಂಟಿಲೇಟರ್, ಒಂದಾದ ಮೇಲೊಂದು ಅಂಗ ಸೋತಿದ್ದು, ಭಾನುವಾರದ ನಸುಕು.

ಮರಣೋತ್ತರ ಪರೀಕ್ಷೆ ನಡೆದದ್ದು ಅಕ್ಟೋಬರ್ 30ರಂದು. ಮಾಸಿನ ಪದರಗಳಲ್ಲಿ ಸೋಂಕಿನ ಗುರುತು ಸಿಕ್ಕಿತು, ರಕ್ತದ ಕಲ್ಚರ್ ಇ. ಕೋಲೈ ಎಂದು ಹೇಳಿತ್ತು. ಗರ್ಭಕೋಶದ ಕಡೆಯಿಂದ ಏರಿದ ಸೋಂಕು, ಅದರಿಂದ ನಂಜಿನ ಆಘಾತ. ರೋಗಶಾಸ್ತ್ರದ ಮಟ್ಟಿಗೆ ಕಾರಣ ಸಿಕ್ಕಂತಾಯಿತು, ಬೇರೆ ಯಾವುದೇ ಸಾವಾಗಿದ್ದರೆ ಕಡತ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಪ್ರವೀಣ್ ಅವರ ಪ್ರಶ್ನೆ ಬೇರೆಯಿತ್ತು. ಮಗು ಉಳಿಯುವುದಿಲ್ಲ ಎಂದು ಭಾನುವಾರವೇ ಹೇಳಿದವರು ಬುಧವಾರದವರೆಗೆ ಕಾದದ್ದೇಕೆ? ಗರ್ಭವನ್ನು ತೆಗೆದುಬಿಡಿ ಎಂದು ಹೆಂಡತಿ ಕೇಳಿಕೊಂಡಿದ್ದಳು. ಭ್ರೂಣದ ಎದೆಬಡಿತ ಇರುವಾಗ ಕಾನೂನು ಬಿಡುವುದಿಲ್ಲ ಎಂಬ ಉತ್ತರ ಬಂದಿತ್ತು. ಇದು ಕ್ಯಾಥೊಲಿಕ್ ದೇಶ ಎಂಬ ಮಾತೂ ಬಂದಿತ್ತು. ಸೂಲಗಿತ್ತಿ ಮೇಲ್ವಿಚಾರಕಿಯೊಬ್ಬರು ತಾನು ಆ ಅರ್ಥದ ಮಾತು ಆಡಿದ್ದು ನಿಜ ಎಂದು ಮುಂದೆ ವಿಚಾರಣೆಯಲ್ಲಿ ಒಪ್ಪಿಕೊಂಡರು. ಯಾರನ್ನೂ ನೋಯಿಸಲು ಹೇಳಿದ್ದಲ್ಲ, ಇಲ್ಲಿನ ಸ್ಥಿತಿ ತಿಳಿಸಲು ಹೇಳಿದ್ದು ಎಂಬುದು ಅವರ ವಿವರಣೆ.

2012ರ ನವೆಂಬರ್ 14ರಂದು ‘ಐರಿಷ್ ಟೈಮ್ಸ್’ ಪತ್ರಿಕೆಯಲ್ಲಿ ಸುದ್ದಿ ಬಂತು. ಡಬ್ಲಿನ್ನಿನ ಬೀದಿಗಳಲ್ಲಿ ಸಾವಿರಾರು ಜನ ಮೇಣದಬತ್ತಿ ಹಿಡಿದು ನಿಂತರು. ಬೆಳಗಾವಿಯ ಮನೆಯೆದುರು ಜಗತ್ತಿನ ಟಿವಿ ಕ್ಯಾಮೆರಾಗಳು ಸಾಲುಗಟ್ಟಿದವು. ಸರ್ಕಾರಿ ಆರೋಗ್ಯ ಸಂಸ್ಥೆಯಾದ ಎಚ್‌ಎಸ್‌ಇ ತನಿಖೆಗೆ ಸಮಿತಿ ರಚಿಸಿತು. ಅದರಲ್ಲಿ ಅದೇ ಗಾಲ್ವೇ ಆಸ್ಪತ್ರೆಯ ಮೂವರು ವೈದ್ಯರಿದ್ದರು! ಪ್ರವೀಣ್ ಒಪ್ಪಲಿಲ್ಲ, ಮೂವರನ್ನೂ ಕೈಬಿಡಬೇಕಾಯಿತು. ಅಧ್ಯಕ್ಷರಾಗಿದ್ದವರು ಲಂಡನ್ನಿನ ಪ್ರಸೂತಿ ತಜ್ಞ, ಶ್ರೀಲಂಕಾ ಮೂಲದ ಸಬಾರತ್ನಂ ಅರುಳ್‌ಕುಮಾರನ್. ಇನ್ನೊಂದು ತೊಡಕೂ ಎದುರಾಯಿತು. ಹೆಂಡತಿ ಗರ್ಭ ತೆಗೆಯಿರಿ ಎಂದು ಕೇಳಿದ ಸಂಗತಿಯೇ ತಮಗೆ ಕೊಟ್ಟ ಆಸ್ಪತ್ರೆಯ ಕಡತದಲ್ಲಿ ಇಲ್ಲ ಎಂದು ಪ್ರವೀಣ್ ಹೇಳಿದರು. ಕೆಲವು ಟಿಪ್ಪಣಿಗಳನ್ನು ಸಾವಿನ ನಂತರ ಸೇರಿಸಲಾಗಿದೆ ಎಂಬುದೂ ಹೊರಬಿತ್ತು. ಗಂಡನ ಕಿವಿ ಕೇಳಿದ್ದಕ್ಕೂ ಕಾಗದ ಹೇಳುವುದಕ್ಕೂ ತಾಳೆಯಾಗದಿದ್ದರೆ ತನಿಖೆ ಸಹಜವಾಗಿ ಕಾಗದದ ಕಡೆ ವಾಲುತ್ತದೆ. ಪ್ರವೀಣ್ ಪಟ್ಟು ಹಿಡಿಯದೆ ಹೋಗಿದ್ದರೆ ಇಲ್ಲೂ ಹಾಗೆಯೇ ಆಗುತ್ತಿತ್ತು ಎಂಬುದು ನನ್ನ ಅನಿಸಿಕೆ.

2013ರ ಏಪ್ರಿಲ್‌ನಲ್ಲಿ ಕಾರೊನರ್ ಡಾ. ಕಿಯರನ್ ಮ್ಯಾಕ್‌ಲಾಕ್ಲಿನ್ ಗಾಲ್ವೇಯಲ್ಲಿ ಸಾಕ್ಷಿಗಳನ್ನು ಕೇಳಿದರು. ಆರು ಗಂಡಸರು, ಐವರು ಹೆಂಗಸರ ಜ್ಯೂರಿ 19ರಂದು ಒಮ್ಮತದಿಂದ ಕೊಟ್ಟ ತೀರ್ಪು: ವೈದ್ಯಕೀಯ ಅವಘಡ. ಜೊತೆಗೆ ಒಂಬತ್ತು ಶಿಫಾರಸುಗಳು. ರಕ್ತಪರೀಕ್ಷೆಯ ಫಲಿತಾಂಶವನ್ನು ತಪ್ಪದೆ ನೋಡುವ ವ್ಯವಸ್ಥೆ ಬೇಕು, ಪಾಳಿ ಬದಲಾಗುವಾಗ ರೋಗಿಯ ವಿಷಯ ಸರಿಯಾಗಿ ದಾಟಿಸಬೇಕು, ಎಲ್ಲ ಆಸ್ಪತ್ರೆಗಳಲ್ಲಿ ನಂಜಿನ ಮುನ್ನೆಚ್ಚರಿಕೆಯ ಕೋಷ್ಟಕ ಇರಬೇಕು, ಹೀಗೆ. ಜೂನ್‌ನಲ್ಲಿ ಅರುಳ್‌ಕುಮಾರನ್ ವರದಿ ಬಂತು: ರೋಗಿಯ ಮೇಲೆ ನಿಗಾ ಸಾಲಲಿಲ್ಲ, ಚಿಕಿತ್ಸೆಯ ಎಲ್ಲ ದಾರಿಗಳನ್ನೂ ಆಕೆಯ ಮುಂದಿಡಲಿಲ್ಲ, ನಂಜಿನ ಚಿಕಿತ್ಸೆಯ ನಿಯಮ ಪಾಲನೆಯಾಗಲಿಲ್ಲ. ಅಕ್ಟೋಬರ್‌ನಲ್ಲಿ ಆರೋಗ್ಯ ಗುಣಮಟ್ಟದ ಪ್ರಾಧಿಕಾರ ಎಚ್‌ಐಕ್ಯೂಎ ತನ್ನ ವರದಿಯಲ್ಲಿ ಕೈತಪ್ಪಿದ 13 ಅವಕಾಶಗಳನ್ನು ಎಣಿಸಿತು. ಅದೇ ವರದಿ ಇನ್ನೊಂದು ಕಹಿ ನೆನಪನ್ನೂ ಕೆದಕಿತು. 2007ರಲ್ಲಿ ಡ್ರಾಹಡಾದ ಆಸ್ಪತ್ರೆಯಲ್ಲಿ ಅವಳಿ ಮಕ್ಕಳನ್ನು ಹೆತ್ತ ಗಾರ್ಡಾ ಸಾರ್ಜೆಂಟ್ ಟಾನ್ಯಾ ಮೆಕೇಬ್ ನಂಜಿನಿಂದಲೇ ಸತ್ತಿದ್ದರು. ಆಗಲೂ ತನಿಖೆ ನಡೆದು ಶಿಫಾರಸುಗಳು ಬಂದಿದ್ದವು. ದೇಶದ ಎಲ್ಲ ಆಸ್ಪತ್ರೆಗಳಲ್ಲಿ ಅವು ಜಾರಿಯಾಗಿರಲಿಲ್ಲ.

ಬ್ರಿಟನ್ನಿನ ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಅಪಘಾತಗಳ ಬಗ್ಗೆ ಹೇಳಿದ ಒಂದು ಮಾದರಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಅವರು ಬಳಸಿದ್ದು ಸ್ವಿಸ್ ಚೀಸ್, ನಮಗೆ ದೋಸೆ ಸಾಕು. ಎಲ್ಲರ ಮನೆ ದೋಸೆಯೂ ತೂತೇ. ಒಂದರ ಮೇಲೊಂದು ನಾಲ್ಕಾರು ದೋಸೆ ಪೇರಿಸಿದರೆ ಒಂದರ ತೂತನ್ನು ಇನ್ನೊಂದು ಮುಚ್ಚುತ್ತದೆ. ಅಪರೂಪಕ್ಕೊಮ್ಮೆ ಎಲ್ಲ ತೂತುಗಳೂ ಒಂದೇ ಸಾಲಿಗೆ ಬಂದುಬಿಡುತ್ತವೆ. ನೋಡದೆ ಬಿಟ್ಟ 16.9, ತಪ್ಪಿದ ನಾಡಿ ಎಣಿಕೆ, ಹೊದಿಸಿದ ಕಂಬಳಿ, ದಾಟದ ಮಾತು, ಬೇರೆ ಬಾಟಲಿ, ಕಿಣ್ವ ಹೊತ್ತ ಬ್ಯಾಕ್ಟೀರಿಯಾ. ಇವುಗಳಲ್ಲಿ ಯಾವುದಾದರೂ ಒಂದು ಸರಿಯಾಗಿದ್ದರೂ ಕಥೆ ಬೇರೆಯಾಗಬಹುದಿತ್ತು.

ಕಾನೂನೂ ಅಂಥದೇ ಒಂದು ಪದರ. ಐರ್ಲೆಂಡಿನಲ್ಲಿ ಆಗ ಗರ್ಭಪಾತಕ್ಕೆ 1861ರ ಕಾಯಿದೆ ಅನ್ವಯವಾಗುತ್ತಿತ್ತು. 1983ರ ಸಂವಿಧಾನ ತಿದ್ದುಪಡಿ ತಾಯಿಗೂ ಭ್ರೂಣಕ್ಕೂ ಬದುಕುವ ಸಮಾನ ಹಕ್ಕು ಕೊಟ್ಟಿತ್ತು. ತಾಯಿಯ ಜೀವಕ್ಕೆ ನಿಜವಾದ, ಗಣನೀಯ ಅಪಾಯ ಇದ್ದಾಗ ಗರ್ಭಪಾತ ಮಾಡಬಹುದು ಎಂದು 1992ರಲ್ಲಿ ಸುಪ್ರೀಂ ಕೋರ್ಟ್ ಹೇಳಿದರೂ ಇಪ್ಪತ್ತು ವರ್ಷ ಯಾವ ಸರ್ಕಾರವೂ ಅದಕ್ಕೊಂದು ಕಾಯಿದೆ ಮಾಡಲಿಲ್ಲ. ಕಾನೂನಿಗೆ ಬೇಕಿದ್ದದ್ದು ಗೆರೆ: ಇಲ್ಲಿಯವರೆಗೆ ಆರೋಗ್ಯಕ್ಕೆ ಅಪಾಯ, ಇಲ್ಲಿಂದ ಜೀವಕ್ಕೆ. ದೇಹದಲ್ಲಿ ಅಂಥ ಗೆರೆಯಿಲ್ಲ. ನಂಜು ಇಂಚಿಂಚಾಗಿ ಏರುತ್ತದೆ, ಒಂದು ಹಂತದಲ್ಲಿ ಹಠಾತ್ತನೆ ಎಲ್ಲವನ್ನೂ ಬೀಳಿಸುತ್ತದೆ. ವಿಚಾರಣೆಯಲ್ಲಿ ತಜ್ಞ ಸಾಕ್ಷಿಯಾಗಿದ್ದ ಡಬ್ಲಿನ್ನಿನ ಪ್ರಸೂತಿ ವೈದ್ಯ ಪೀಟರ್ ಬಾಯ್ಲನ್ ಇದನ್ನೇ ಬಿಡಿಸಿಟ್ಟರು. ಸೋಮವಾರವೋ ಮಂಗಳವಾರವೋ ಗರ್ಭ ತೆಗೆದಿದ್ದರೆ ಬಹುಮಟ್ಟಿಗೆ ಸವಿತಾ ಬದುಕಿರುತ್ತಿದ್ದರು, ಆದರೆ ಆಗ ಕಾನೂನು ಅದಕ್ಕೆ ಅವಕಾಶ ಕೊಡುತ್ತಿರಲಿಲ್ಲ. ಬುಧವಾರ ಕಾನೂನು ಒಪ್ಪುವಷ್ಟು ಅಪಾಯ ಬಂದಾಗ ಹೊತ್ತು ಮೀರಿತ್ತು.

ಸತ್ತದ್ದು ನಂಜಿನಿಂದ, ಕಾನೂನಿನಿಂದಲ್ಲ ಎಂದು ವಾದಿಸಿದವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಈ ವಾದವೇ ಟೊಳ್ಳು ಅನ್ನಿಸುತ್ತದೆ. ಕಾರಣ ಒಂದೇ ಇರಬೇಕೆಂದು ಯಾವ ವಿಜ್ಞಾನವೂ ಹೇಳಿಲ್ಲ. ಸೋಂಕಿಗೆ ಮನೆಯಾಗಿದ್ದ ಗರ್ಭವನ್ನು ತೆಗೆಯದೆ ಕಾದದ್ದೂ ಕಾರಣ, ಕಾಯುವಾಗ ನಾಡಿ ಎಣಿಸದೆ ಇದ್ದದ್ದೂ ಕಾರಣ. ಬೆಳಗಾವಿಯಲ್ಲೇ ಇದ್ದಿದ್ದರೆ 1971ರ ನಮ್ಮ ಕಾಯಿದೆಯಂತೆ 17 ವಾರಕ್ಕೆ ಇಬ್ಬರು ವೈದ್ಯರ ಒಪ್ಪಿಗೆ ಸಾಕಾಗುತ್ತಿತ್ತು.

ಇಲ್ಲಿ ಸ್ವೋರ್ಡ್ಸ್ ಮತ್ತೆ ಕಥೆಯೊಳಗೆ ಬರುತ್ತದೆ. ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತ ಕಾರ್ಮಿಕ ಸಂಘದಲ್ಲಿ ಬೆಳೆದು, ಸ್ವೋರ್ಡ್ಸ್‌ನಿಂದ ಕೌನ್ಸಿಲರ್ ಆಗಿ, 2011ರಲ್ಲಿ ಈ ಭಾಗದಿಂದ ಸಂಸತ್ತಿಗೆ ಹೋದ ಕ್ಲೇರ್ ಡೇಲಿ 2012ರ ಏಪ್ರಿಲ್‌ನಲ್ಲಿ, ಅಂದರೆ ಸವಿತಾ ಸಾಯುವ ಆರು ತಿಂಗಳ ಮೊದಲು, ತಾಯಿಯ ಜೀವಕ್ಕೆ ಅಪಾಯವಿದ್ದಾಗ ಗರ್ಭಪಾತಕ್ಕೆ ಅವಕಾಶ ಕೊಡುವ ಖಾಸಗಿ ಮಸೂದೆಯನ್ನು ಇಬ್ಬರು ಸಂಗಡಿಗರೊಡನೆ ಮಂಡಿಸಿದ್ದರು. ಭಾರಿ ಅಂತರದಿಂದ ಅದು ಬಿದ್ದುಹೋಯಿತು. 2013ರ ಜುಲೈನಲ್ಲಿ ಸರ್ಕಾರವೇ ಸೀಮಿತ ಕಾಯಿದೆ ತಂದಿತು. 2018ರ ಮೇ 25ರ ಜನಮತಗಣನೆಯಲ್ಲಿ ಶೇ. 66.4 ಮಂದಿ 1983ರ ತಿದ್ದುಪಡಿಯನ್ನು ಕಿತ್ತುಹಾಕಲು ಮತ ಹಾಕಿದರು. ಮಗಳ ಹೆಸರಿನಲ್ಲಿ ಹೌದು ಎಂದು ಮತ ಹಾಕಿ ಎಂದು ಬೆಳಗಾವಿಯಿಂದ ಅಂದಾನಪ್ಪ ಯಾಳಗಿ ಕೋರಿಕೊಂಡಿದ್ದರು.

ಸುದ್ದಿಯಾದದ್ದು ಈ ಜನಮತಗಣನೆ. ನನ್ನ ಕಣ್ಣಿಗೆ ಅಷ್ಟೇ ದೊಡ್ಡದು ಎನಿಸುವ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಯಿತು. ಐರ್ಲೆಂಡಿನಲ್ಲಿ ಎಂಟು ತಾಯಂದಿರ ಸಾವಿನ ವಿಚಾರಣೆಗಳಲ್ಲಿ ಒಂದಾದ ಮೇಲೊಂದು ಬಂದ ತೀರ್ಪು ವೈದ್ಯಕೀಯ ಅವಘಡವೇ. ಅವುಗಳಲ್ಲಿ ಹಲವು ವಿಚಾರಣೆಗಳು ನಡೆದದ್ದು ಹೆಂಡತಿ ಕಳೆದುಕೊಂಡ ಗಂಡಂದಿರು ವರ್ಷಗಟ್ಟಲೆ ಅಲೆದಾಡಿದ ಮೇಲೆ. ಇಂಥ ಸಾವುಗಳಿಗೆಲ್ಲ ವಿಚಾರಣೆ ಕಡ್ಡಾಯವಾಗಲಿ ಎಂದು ಆ ಗಂಡಂದಿರು, ಸೂಲಗಿತ್ತಿಯರು, ಸಮಾಜವಿಜ್ಞಾನಿಗಳು ಒಟ್ಟಾಗಿ ಒತ್ತಾಯಿಸಿದರು. ಕ್ಲೇರ್ ಡೇಲಿ 2015ರಲ್ಲೇ ಇದಕ್ಕೂ ಮಸೂದೆ ತಂದಿದ್ದರು. ಕೊನೆಗೆ 2019ರ ಕಾರೊನರ್ ತಿದ್ದುಪಡಿ ಕಾಯಿದೆ ಬಂತು. ಈಗ ಐರ್ಲೆಂಡಿನಲ್ಲಿ ಬಸುರಿಯೋ ಬಾಣಂತಿಯೋ ಸತ್ತರೆ ಕಾರೊನರ್‌ಗೆ ತಿಳಿಸುವುದು ಕಡ್ಡಾಯ, ಬಹಿರಂಗ ವಿಚಾರಣೆಯೂ ಕಡ್ಡಾಯ. ಯಾರೂ ಬೇಡಿಕೊಳ್ಳಬೇಕಿಲ್ಲ. ಆಸ್ಪತ್ರೆಗಳಲ್ಲಿ ಬಸುರಿಯರಿಗೆಂದೇ ಮುನ್ನೆಚ್ಚರಿಕೆಯ ಕೋಷ್ಟಕ ಬಂದಿದೆ. ನಾಡಿ, ಉಸಿರು, ಜ್ವರದ ಅಂಕಿಗಳನ್ನು ಬಣ್ಣದ ಮನೆಗಳಲ್ಲಿ ತುಂಬಿದರೆ, ಹಳದಿ, ಗುಲಾಬಿ ಮನೆಗಳು ಹೆಚ್ಚಾದ ಕೂಡಲೇ ಹಿರಿಯ ವೈದ್ಯರನ್ನು ಕರೆಯಬೇಕು. ನಂಜಿನ ಗುಮಾನಿ ಬಂದರೆ ಒಂದು ಗಂಟೆಯೊಳಗೆ ರಕ್ತದ ಕಲ್ಚರ್, ಲ್ಯಾಕ್ಟೇಟ್, ಮೂತ್ರದ ಅಳತೆ, ಆ್ಯಂಟಿಬಯಾಟಿಕ್, ಡ್ರಿಪ್, ಅಗತ್ಯವಿದ್ದರೆ ಆಮ್ಲಜನಕ, ಈ ಆರೂ ಆಗಬೇಕು.

ನಮ್ಮ ಕಡೆ ನೋಡೋಣ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತರು. ಡ್ರಿಪ್ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಗುಮಾನಿ ಬಂದು ರಾಜ್ಯ ಸರ್ಕಾರ ಆ ಕಂಪನಿಯ ದ್ರಾವಣವನ್ನು ನಿಲ್ಲಿಸಿತು. ಆಮೇಲೆ ಸರ್ಕಾರ ನಡೆಸಿದ ಪರಿಶೋಧನೆ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಿ ಮರಣಗಳನ್ನು ನೋಡಿ, ಶೇ. 70ಕ್ಕೂ ಹೆಚ್ಚು ಸಾವುಗಳನ್ನು ತಪ್ಪಿಸಬಹುದಿತ್ತು ಎಂದಿತು. ಇದು ಮೆಚ್ಚಬೇಕಾದ ಪ್ರಾಮಾಣಿಕತೆ. ಆದರೆ ನಮ್ಮ ತಾಯಿ ಮರಣದ ಪರಿಶೋಧನೆ ನಡೆಯುವುದು ಇಲಾಖೆಯ ಕೋಣೆಯೊಳಗೆ. ಸಂಡೂರಿನ ಕಡೆಯ ಒಬ್ಬ ಗಂಡ ತನ್ನ ಹೆಂಡತಿಯ ಕೊನೆಯ ರಾತ್ರಿ ನಾಡಿ ಎಷ್ಟಿತ್ತು ಎಂದು ವೈದ್ಯರನ್ನು ಎಲ್ಲರೆದುರು ಕೇಳಬಲ್ಲ ಜಾಗ ಇಲ್ಲಿ ಇಲ್ಲ. ಆ ಜಾಗವನ್ನು ಕರ್ನಾಟಕ ಮಾಡಿಕೊಡಬೇಕು. ಮುಂಬೈಯ ಹಳೆಯ ಕಾರೊನರ್ ಪದ್ಧತಿಯನ್ನೇ ತರಬೇಕೆಂದಿಲ್ಲ, ಬಾಗಿಲು ತೆರೆದ ಒಂದು ವಿಚಾರಣೆ ಸಾಕು.

ಓದುಗರಲ್ಲಿ ಒಂದು ಕೋರಿಕೆ. ಸ್ವೋರ್ಡ್ಸ್‌ನಲ್ಲಿರಲಿ ಸವದತ್ತಿಯಲ್ಲಿರಲಿ, ನಿಮ್ಮವರ ಹಾಸಿಗೆಯ ಪಕ್ಕ ಕೂತಾಗ ಹೊತ್ತು ಮತ್ತು ಅಂಕಿಗಳನ್ನು ಮೊಬೈಲಿನಲ್ಲೋ ಚೀಟಿಯಲ್ಲೋ ಬರೆದಿಟ್ಟುಕೊಳ್ಳಿ: ಯಾವಾಗ ಚಳಿ ಬಂತು, ನಾಡಿ ಎಷ್ಟಿತ್ತು, ಯಾರು ಬಂದು ನೋಡಿದರು, ಏನು ಹೇಳಿದರು. ನಡುಕ, ಏದುಸಿರು, ಮಂಕು, ಮೂತ್ರ ಕಡಿಮೆಯಾಗುವುದು, ಇವು ಒಟ್ಟಿಗೆ ಕಂಡರೆ ‘ಇದು ನಂಜಾಗಿರಬಹುದೇ ಡಾಕ್ಟ್ರೇ?’ ಎಂದು ಸಂಕೋಚ ಬಿಟ್ಟು ಕೇಳಿ. ಆಗಬಾರದ್ದು ಆಗಿಹೋದರೆ ಆಸ್ಪತ್ರೆಯ ಕಡತದ ಪ್ರತಿಯನ್ನು ಬರವಣಿಗೆಯಲ್ಲೇ ಕೇಳಿ. ಭಾರತದಲ್ಲಿ ಹಾಗೆ ಕೇಳಿದ 72 ಗಂಟೆಯೊಳಗೆ ಪ್ರತಿ ಕೊಡಬೇಕು ಎಂದು ವೈದ್ಯಕೀಯ ಪರಿಷತ್ತಿನ 2002ರ ನಿಯಮವೇ ಹೇಳುತ್ತದೆ.